ಮನೆಯನ್ನು ಬೆಚ್ಚಗಿಡುವುದಕ್ಕೆ ಜನರೇಟರು ತಕ್ಕುದಲ್ಲ

ಮಲೆನಾಡಿನಲ್ಲಿಯೂ ಕೊಡಗಿನಲ್ಲಿಯೂ ಆಷಾಢ ಶ್ರಾವಣಗಳ ಮಳೆ ಹಿಡಿಯಿತೆಂದರೆ ಮರಗಳುರುಳಿ ತಂತಿ ಹರಿದು, ವಿದ್ಯುಚ್ಛಕ್ತಿಯು ದಿನಗಟ್ಟಲೆ ಇಲ್ಲದಿರುವುದುಂಟು. ಅನುಕೂಲವುಳ್ಳ ಗೃಹಸ್ಥರು ಇದಕ್ಕಾಗಿ ಸಣ್ಣ ಪೆಟ್ರೋಲ್ ಜನರೇಟರನ್ನು ಕೊಂಡಿಟ್ಟಿರುತ್ತಾರೆ. ದೀಪಕ್ಕೂ ನೀರಿನ ಪಂಪಿಗೂ ಅದು ಉಪಕಾರಿಯೇ ಸರಿ. ಆದರೆ ವೃದ್ಧರೂ ಬಾಣಂತಿಯರೂ ಮಲಗುವ ಕೋಣೆಯನ್ನು ಬೆಚ್ಚಗೆ ಮಾಡಲು ಅದರಿಂದ ಹೀಟರನ್ನು ನಡೆಸುವುದು ದಂಡದ ಕೆಲಸ; ಯಂತ್ರವನ್ನು ಮನೆಯೊಳಕ್ಕೆ ತರುವುದಂತೂ ಪ್ರಾಣಕ್ಕೇ ಸಂಚಕಾರ.

ಒಂದು ಲೀಟರು ಪೆಟ್ರೋಲಿನಲ್ಲಿ ಸುಮಾರು 9 ಯೂನಿಟ್ಟಿನಷ್ಟು ಶಾಖವಡಗಿದೆ. ಸಣ್ಣ ಜನರೇಟರು ಅದರಲ್ಲಿ ವಿದ್ಯುತ್ತಾಗಿ ಕೊಡುವುದು 2 ಯೂನಿಟ್ಟಿನ ಆಸುಪಾಸು ಮಾತ್ರ. ಉಳಿದುದು ಹೊಗೆಯೊಡನೆ ಬಯಲಿಗೆ ಹೋಗುತ್ತದೆ. 2,000 ವ್ಯಾಟಿನ ಹೀಟರಿಗೆ ಗಂಟೆಗೆ ಒಂದು ಲೀಟರು ಸುರಿಯಬೇಕಾಗುವುದು. ಬಚ್ಚಲೊಲೆಯ ಮುಂದೆ ಕಂಬಳಿ ಹೊದೆದು ಕುಳಿತ ಹಿರಿಯರು ಲೆಕ್ಕ ತಿಳಿಯದವರಾಗಿರಲಿಲ್ಲ.

ಮಳೆಯಲ್ಲಿ ನೆನೆದೀತೆಂದೂ ಕಳ್ಳರು ಒಯ್ದಾರೆಂದೂ ಹೆದರಿ ಯಂತ್ರವನ್ನು ಜಗಲಿಗೋ ಪಡಸಾಲೆಗೋ ತರುವವರಿದ್ದಾರೆ. ಭಯವು ನ್ಯಾಯವಾದುದೇ. ಆದರೆ ಅದರ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷವಾಯುವಿದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹೀಮೋಗ್ಲೋಬಿನ್ ಇದನ್ನು ಪ್ರಾಣವಾಯುವಿಗಿಂತ 200 ಪಟ್ಟಿಗೂ ಮಿಕ್ಕ ಬಿಗಿಯಿಂದ ಹಿಡಿದುಕೊಳ್ಳುತ್ತದೆ. ಮೊದಲು ತಲೆನೋವು, ವಾಕರಿಕೆ, ಮಂಪರು; ನಿದ್ರಿಸುವವರಿಗೆ ಅಷ್ಟೂ ತಿಳಿಯದು. ಕಿಟಕಿ ತೆರೆದಿದೆಯೆಂಬ ಧೈರ್ಯವೂ ಸಾಲದು. 2021ನೆಯ ಇಸವಿ ಫೆಬ್ರವರಿಯಲ್ಲಿ ಅಮೆರಿಕಾದ ಟೆಕ್ಸಾಸ್ ಸಂಸ್ಥಾನದಲ್ಲಿ ಹಿಮ ಬಿದ್ದು ಲಕ್ಷಾಂತರ ಮನೆಗಳಿಗೆ ವಿದ್ಯುತ್ತು ನಿಂತಾಗ, ಚಳಿ ತಾಳಲಾರದೆ ಜನರೇಟರು, ಮೋಟಾರು ಕಾರು, ಇದ್ದಿಲೊಲೆಗಳನ್ನು ಮುಚ್ಚಿದೆಡೆಯಲ್ಲಿ ಉರಿಸಿ ಈ ವಾಯುವಿನಿಂದ ಮಡಿದವರುಂಟು. ಅವರಲ್ಲಿ ಓದುಬರಹ ಬಲ್ಲವರಿಗೆ ಕೊರತೆಯಿರಲಿಲ್ಲ.

ಆದಕಾರಣ ಯಂತ್ರವನ್ನು ಮನೆಯಿಂದ 20 ಅಡಿಗೆ ಕಡಮೆಯಾಗದಂತೆ ದೂರದಲ್ಲಿ, ಹೊಗೆಕೊಳವೆಯನ್ನು ಆಚೆಗೆ ತಿರುಗಿಸಿ ಇಡತಕ್ಕದ್ದು. ನಾಲ್ಕು ಕಂಬ ನೆಟ್ಟು, ಪಕ್ಕಗಳನ್ನು ತೆರೆದಿಟ್ಟು, ಮೇಲೆ ಸತುವಿನ ತಗಡು ಹೊದಿಸಿದರೆ ಮಳೆಯ ಬಾಧೆ ತಪ್ಪುವುದು; ಕಂಬಕ್ಕೆ ಸರಪಳಿ ಹಾಕಿ ಬೀಗ ಜಡಿದರೆ ಕಳ್ಳರ ಬಾಧೆಯೂ ತಗ್ಗುವುದು. ಮನೆಯ ತಂತಿಗೆ ಜೋಡಿಸುವುದಾದರೆ ಚೇಂಜ್‌ಓವರ್ ಸ್ವಿಚ್ಚು ಇರಲೇಬೇಕು. ಇಲ್ಲವಾದರೆ ವಿದ್ಯುತ್ತು ಹಿಂದಕ್ಕೆ ಹರಿದು, ಕಂಬವೇರಿ ದುರಸ್ತಿ ಮಾಡುತ್ತಿರುವ ಲೈನ್‌ಮನ್ನನು ಸಾಯಬಹುದು.

ಊರಿನ ಮುಖಂಡರು ಗಮನಿಸಬೇಕಾದುದು ಇನ್ನೊಂದುಂಟು. ಕೆಂಡದ ಅಗ್ಗಿಷ್ಟಿಕೆಯೂ ಇದೇ ವಿಷವಾಯುವನ್ನು ಬಿಡುತ್ತದೆ. ತೋಟದ ಲೈನುಮನೆಗಳಲ್ಲಿ ಬಾಗಿಲು ಮುಚ್ಚಿ ಅದನ್ನು ಬಳಿಯಲ್ಲಿಟ್ಟುಕೊಂಡು ಮಲಗುವ ಕೂಲಿಗಾರರಿಗೆ, ಮಳೆ ಹಿಡಿಯುವ ಮೊದಲೇ ಯಜಮಾನರು ತಲೆಗೊಂದು ಹೆಚ್ಚಿನ ಕಂಬಳಿ ಕೊಡಿಸುವುದು ಲೇಸು.