ಉಗಿಬಂಡಿ ಬೇಕು ನಿಜ, ಆದರೆ ಎಲ್ಲಿ, ಯಾರಿಗಾಗಿ?

ಬೆಟ್ಟದ ರೈಲುಗಳ ಬಗ್ಗೆ ಈಗ ದೇಶದಲ್ಲಿ ಎರಡು ಮಾತು ಒಟ್ಟಿಗೇ ಕೇಳಿಬರುತ್ತಿವೆ. ರೈಲ್ವೆ ಇಲಾಖೆ 'ಹೈಡ್ರೋಜನ್ ಫಾರ್ ಹೆರಿಟೇಜ್' ಯೋಜನೆಯಡಿ ಪಾರಂಪರಿಕ ಮತ್ತು ಗುಡ್ಡಗಾಡು ಮಾರ್ಗಗಳಲ್ಲಿ 35 ಹೈಡ್ರೋಜನ್ ರೈಲು ಓಡಿಸುವ ಉದ್ದೇಶವನ್ನು 2023ರಲ್ಲಿ ಪ್ರಕಟಿಸಿತು. ಒಂದು ರೈಲಿಗೆ ಅಂದಾಜು 80 ಕೋಟಿ ರೂಪಾಯಿ, ಒಂದು ಮಾರ್ಗದ ಸೌಕರ್ಯಕ್ಕೆ 70 ಕೋಟಿ. ಇನ್ನೊಂದು ಕಡೆ ಊಟಿ, ಡಾರ್ಜಿಲಿಂಗ್‌ಗಳಲ್ಲಿ ಹಳೆಯ ಉಗಿ ಎಂಜಿನ್ ಎಳೆಯುವ ಬಂಡಿಯಲ್ಲಿ ಕೂರಲು ಜನ ಮುಂಗಡ ಟಿಕೆಟ್‌ಗೆ ಮುಗಿಬೀಳುತ್ತಾರೆ. ಮಳೆಗಾಲ ಬಂದರೆ ಸಾಕು, ನಮ್ಮ ಕಾಲೇಜು ಗೆಳೆಯರ ನಡುವೆಯೂ ಒಂದು ಪ್ರಶ್ನೆ ಏಳುತ್ತದೆ: 'ನಮ್ಮ ದೂಧಸಾಗರದ ಘಾಟಿಗೂ ಒಂದು ಉಗಿಬಂಡಿ ಬಿಟ್ಟರೆ ಏನಾಗುತ್ತದೆ?'

ಈ ಪ್ರಶ್ನೆ ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕಿನವರಿಗೆ ದೂರದ್ದಲ್ಲ. ಘಟಪ್ರಭಾ, ಗೋಕಾಕ ರೋಡ್, ಪಾಶ್ಚಾಪುರ ನಿಲ್ದಾಣಗಳಿರುವ ಮಿರಜ–ಲೋಂಡಾ ಮಾರ್ಗ ಸದರ್ನ್ ಮರಾಠಾ ರೈಲ್ವೆಯ ಕಾಲದ್ದು. ನಮ್ಮ ಅಜ್ಜಂದಿರು ಕಣ್ಣಿಗೆ ಕಿಡಿ ಬೀಳದಂತೆ ಕಿಟಕಿ ಮುಚ್ಚಿಕೊಂಡು ಓಡಾಡಿದ್ದು ಇದೇ ಹಳಿಯ ಮೇಲೆ. ಆಗ ಅದು ಮೀಟರ್ ಗೇಜ್. ಈಗ ಬ್ರಾಡ್ ಗೇಜ್, ವಿದ್ಯುತ್ ತಂತಿ, ಜೋಡಿ ಹಳಿ ಎಲ್ಲ ಬಂದಿದೆ. 2024ರ ಸೆಪ್ಟೆಂಬರ್‌ನಿಂದ ಹುಬ್ಬಳ್ಳಿ–ಪುಣೆ ವಂದೇ ಭಾರತ್ ಕೂಡ ಇದರ ಮೇಲೆಯೇ ಓಡುತ್ತಿದೆ. ಇದೇ ಹಳಿ ಹಿಡಿದು ಲೋಂಡಾಕ್ಕೆ ಹೋಗಿ ಪಶ್ಚಿಮಕ್ಕೆ ತಿರುಗಿದರೆ ಕ್ಯಾಸಲ್‌ರಾಕ್. ಅಲ್ಲಿಂದ ಕುಳೆಂ ತನಕ ಬ್ರಗಾಂಜಾ ಘಾಟ್.

ಪೋರ್ಚುಗೀಸರ ಆಳ್ವಿಕೆಯ ಗೋವಾದ ಮುರ್ಮುಗಾಂವ್ ಬಂದರನ್ನು ಬ್ರಿಟಿಷರ ರೈಲುಜಾಲಕ್ಕೆ ಜೋಡಿಸಲು 1880ರ ದಶಕದಲ್ಲಿ ಈ ಮಾರ್ಗ ಹಾಕಿದರು. ಇಲ್ಲಿನ ಏರು 37ಕ್ಕೆ 1. ಎಂದರೆ 37 ಮೀಟರ್ ಮುಂದೆ ಹೋದರೆ ಒಂದು ಮೀಟರ್ ಮೇಲೆ. ಕೇಳಲು ಸಣ್ಣದು ಅನಿಸುತ್ತದೆ. ಆದರೆ ಉಕ್ಕಿನ ಹಳಿಯ ಮೇಲೆ ಉಕ್ಕಿನ ಗಾಲಿಗೆ ಸಿಗುವ ಹಿಡಿತವೇ ಕಡಿಮೆ, ಮಳೆಯಲ್ಲಂತೂ ಇನ್ನೂ ಕಡಿಮೆ. ಹಾಗಾಗಿಯೇ ಈ ಘಾಟಿನಲ್ಲಿ ರೈಲುಗಳಿಗೆ ಹೆಚ್ಚುವರಿ ಎಂಜಿನ್ ಜೋಡಿಸುತ್ತಾರೆ.

ಅಲ್ಲಿ ಉಗಿಬಂಡಿ ಓಡಿಸಬಹುದೇ? ಭಾವನೆ ಬದಿಗಿಟ್ಟು ನೋಡಿದರೆ ಮೂರು ಅಡ್ಡಿ ಕಾಣುತ್ತವೆ. ಮೊದಲನೆಯದು ಗೇಜ್. ಘಾಟಿನಲ್ಲಿ ದುಡಿದ ಹಳೆಯ ಎಂಜಿನ್‌ಗಳು ಮೀಟರ್ ಗೇಜ್‌ನವು, ಇಂದಿನ ಹಳಿಯ ಮೇಲೆ ನಿಲ್ಲುವುದೇ ಇಲ್ಲ. ಎರಡನೆಯದು ದಟ್ಟಣೆ. ಮುರ್ಮುಗಾಂವ್‌ನಿಂದ ಉಕ್ಕಿನ ಕಾರ್ಖಾನೆಗಳಿಗೆ ಕಲ್ಲಿದ್ದಲು ಹೋಗುವುದು ಇದೇ ಒಂಟಿ ಹಳಿಯ ಮೇಲೆ. ನಿಧಾನವಾಗಿ ಹತ್ತುವ, ನಡುನಡುವೆ ನೀರು ಕುಡಿಯಲು ನಿಲ್ಲುವ ಬಂಡಿಗೆ ಅಲ್ಲಿ ಜಾಗ ಮಾಡಿಕೊಡುವುದು ಕಷ್ಟ. ಜೋಡಿ ಹಳಿ ಹಾಕಲು ವನ್ಯಜೀವಿ ಮಂಡಳಿ ಕೊಟ್ಟಿದ್ದ ಒಪ್ಪಿಗೆಯನ್ನು ಸುಪ್ರೀಂ ಕೋರ್ಟ್ 2022ರ ಮೇ ತಿಂಗಳಲ್ಲಿ ರದ್ದುಪಡಿಸಿತು. ಮೂರನೆಯ ಅಡ್ಡಿಯೂ ಅಲ್ಲೇ ಇದೆ: ಅದು ಪಶ್ಚಿಮ ಘಟ್ಟದ ಕಾಡು. ಹೊಗೆ, ಕಿಡಿಗಳನ್ನು ಅಲ್ಲಿಗೆ ಮತ್ತೆ ಒಯ್ಯಿರಿ ಎಂದು ಕೇಳಲು ನನಗಂತೂ ಬಾಯಿ ಬರುವುದಿಲ್ಲ.

ಹಾಗಾದರೆ ನೀಲಗಿರಿಯಲ್ಲಿ ಹೇಗೆ ಸಾಧ್ಯವಾಗಿದೆ? ಅಲ್ಲಿಯ ರೈಲೇ ಬೇರೆ ಜಾತಿಯದು. ಮೆಟ್ಟುಪಾಳ್ಯಂನಿಂದ ಊಟಿಗೆ 46 ಕಿ.ಮೀ. ಕೂನೂರಿನ ತನಕ 1899ರಲ್ಲಿ, ಊಟಿಗೆ 1908ರಲ್ಲಿ ರೈಲು ಬಂತು. ಕಲ್ಲಾರ್‌ನಿಂದ ಕೂನೂರಿನವರೆಗೆ ಏರು ಸುಮಾರು 12.5ಕ್ಕೆ 1. ಬ್ರಗಾಂಜಾ ಘಾಟಿಗಿಂತ ಮೂರು ಪಟ್ಟು ಕಡಿದು. ಬರೀ ಗಾಲಿಯಿಂದ ಹತ್ತಲಾಗದು ಎಂದು ಎರಡು ಹಳಿಗಳ ನಡುವೆ ಹಲ್ಲುಪಟ್ಟಿ ಹಾಕಿದ್ದಾರೆ. ಎಂಜಿನ್ನಿನ ಕೆಳಗಿನ ಹಲ್ಲುಚಕ್ರ ಅದನ್ನು ಕಚ್ಚಿಕೊಂಡು ಏರುತ್ತದೆ. ಎಂಜಿನ್ ಇರುವುದು ಇಳಿಜಾರಿನ ಕಡೆಗೆ, ಬೋಗಿಗಳನ್ನು ಅದು ಹಿಂದಿನಿಂದ ದೂಡುತ್ತದೆ.

ಕಳೆದ ವರ್ಷ ಗೆಳೆಯರೊಂದಿಗೆ ಆ ರೈಲಿನಲ್ಲಿ ಹೋದಾಗ ಬೆಟ್ಟಕ್ಕಿಂತ ಹೆಚ್ಚು ನಾನು ನೋಡಿದ್ದು ಎಂಜಿನ್ನನ್ನು. ಸ್ವಿಟ್ಜರ್ಲೆಂಡ್‌ನ ವಿಂಟರ್‌ಟೂರ್‌ನಲ್ಲಿ ರೂಪುಗೊಂಡ 'ಎಕ್ಸ್ ಕ್ಲಾಸ್' ಮಾದರಿ ಅದು. ನಾಲ್ಕು ಸಿಲಿಂಡರ್. ಹೆಚ್ಚು ಒತ್ತಡದ ಉಗಿ ಮೊದಲ ಎರಡರಲ್ಲಿ ಗಾಲಿ ತಿರುಗಿಸುತ್ತದೆ. ಅಲ್ಲಿಂದ ಹೊರಬಿದ್ದ ಉಗಿಯೇ ಉಳಿದೆರಡಕ್ಕೆ ಹೋಗಿ ಹಲ್ಲುಚಕ್ರ ತಿರುಗಿಸುತ್ತದೆ. ಬಳಸಿದ್ದನ್ನೇ ಮತ್ತೆ ಬಳಸುವ ಈ ಜಾಣ್ಮೆಯನ್ನು ಪುಸ್ತಕದಲ್ಲಿ ಓದಿದ್ದಕ್ಕಿಂತ ಅಲ್ಲಿ ನಿಂತು ನೋಡಿದಾಗ ಚೆನ್ನಾಗಿ ಅರ್ಥವಾಯಿತು. ಬಂಡಿ ನಿಂತಲ್ಲೆಲ್ಲ ಸಿಬ್ಬಂದಿ ಕೆಳಗಿಳಿದು ಎಣ್ಣೆ ಹಾಕುತ್ತಿದ್ದರು, ನೀರು ತುಂಬಿಸುತ್ತಿದ್ದರು. ಬೇರಿಂಗಿನ ಬಿಸಿಯನ್ನು ಕೈಯಿಂದ ಮುಟ್ಟಿ ಅಳೆಯುತ್ತಿದ್ದರು.

ಉಗಿ ಎಂಜಿನ್ನಿನ ಉಷ್ಣ ದಕ್ಷತೆ ಶೇ 10ರಷ್ಟೂ ಇಲ್ಲ. ಲೆಕ್ಕಕ್ಕೆ ನಿಂತರೆ ಅದು ಸೋಲುವ ಯಂತ್ರ. 1972ರಲ್ಲಿ ನಮ್ಮಲ್ಲಿ ಅದರ ತಯಾರಿಕೆ ನಿಂತಿತು, 1995ರ ಕೊನೆಗೆ ಬ್ರಾಡ್ ಗೇಜ್‌ನಿಂದ ಮರೆಯಾಯಿತು. ಆದರೂ ಅದು ನೀಲಗಿರಿಯಲ್ಲಿ ಬದುಕಿರುವುದು ಆ ಕೈಗಳಿಂದ. ತಿರುಚಿರಾಪಳ್ಳಿಯ ಗೋಲ್ಡನ್ ರಾಕ್ ಕಾರ್ಯಾಗಾರದವರು ಇದೇ ಮಾದರಿಯ ಹೊಸ ಎಂಜಿನ್‌ಗಳನ್ನೇ ಕಟ್ಟಿದ್ದಾರೆ. 2005ರಲ್ಲಿ ಯುನೆಸ್ಕೊ ಈ ಮಾರ್ಗವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಅಲ್ಲಿ ಪರಂಪರೆ ಎಂದರೆ ಹಳೆಯ ಕಬ್ಬಿಣ ಮಾತ್ರ ಅಲ್ಲ, ಅದನ್ನು ಓಡಿಸುವ ವಿದ್ಯೆಯೂ ಹೌದು. ಹೈಡ್ರೋಜನ್ ಯೋಜನೆಯ ಬಗ್ಗೆ ನನ್ನ ಆತಂಕವೂ ಇದೇ. ಹೊಸ ತಂತ್ರಜ್ಞಾನ ಬರಲಿ, ಡೀಸೆಲ್ ಜಾಗಕ್ಕೆ ಅದು ಒಳ್ಳೆಯದೇ. ಆದರೆ ಉಗಿಯ ವಿದ್ಯೆ ಬಲ್ಲವರು ನಿವೃತ್ತರಾಗುವ ಮೊದಲು ಅದನ್ನು ಕಲಿಯುವವರು ಬೇಕಲ್ಲ?

ಸ್ವಿಟ್ಜರ್ಲೆಂಡ್‌ನ ಫುರ್ಕಾ ಕಣಿವೆಯ ಕಥೆ ಇಲ್ಲಿ ನೆನಪಿಗೆ ಬರುತ್ತದೆ. 1982ರಲ್ಲಿ ಹೊಸ ಸುರಂಗ ತೆರೆದ ಮೇಲೆ ಬೆಟ್ಟದ ಮೇಲಿನ ಹಳೆಯ ಮಾರ್ಗ ಬೇಡವಾಯಿತು. ಸ್ವಯಂಸೇವಕರು ಅದನ್ನು ಬಿಡಲಿಲ್ಲ. ಹಿಂದೆ ವಿಯೆಟ್ನಾಂಗೆ ಮಾರಿದ್ದ ಉಗಿ ಎಂಜಿನ್‌ಗಳನ್ನು 1990ರಲ್ಲಿ ವಾಪಸು ತಂದು, ರಿಪೇರಿ ಮಾಡಿ, ಹಂತಹಂತವಾಗಿ ಹಳಿ ಜೋಡಿಸಿ, 2010ರಲ್ಲಿ ಪೂರ್ತಿ ಮಾರ್ಗದಲ್ಲಿ ಓಡಿಸಿದರು. ಮುಖ್ಯ ಸಂಚಾರ ಸುರಂಗದಲ್ಲಿ, ಉಗಿಬಂಡಿ ತನ್ನದೇ ಹಳಿಯಲ್ಲಿ. ಒಂದಕ್ಕೊಂದು ಅಡ್ಡಬರಲಿಲ್ಲ.

ಈಗ ನಮ್ಮ ಮೂರು ತಾಲ್ಲೂಕಿಗೆ ಬರೋಣ. ಉಗಿ ಎಂದರೆ ನಮಗೆ ಮ್ಯೂಸಿಯಂ ವಸ್ತು ಅಲ್ಲ. ಸಂಕೇಶ್ವರದಲ್ಲಿ, ಬೆಲ್ಲದ ಬಾಗೇವಾಡಿಯಲ್ಲಿ, ಮೂಡಲಗಿ ಕಡೆಯ ಹುಣಶ್ಯಾಳದಲ್ಲಿ ಕಬ್ಬು ನುರಿಸುವ ಹಂಗಾಮು ಶುರುವಾದರೆ ಬಾಯ್ಲರ್ ಹಗಲು ರಾತ್ರಿ ಉರಿಯುತ್ತದೆ. ಕಬ್ಬಿನ ಸಿಪ್ಪೆಯೇ ಇಂಧನ. ಆ ಉಗಿಯಿಂದ ಟರ್ಬೈನ್ ತಿರುಗುತ್ತದೆ, ಅದೇ ಉಗಿಯಿಂದ ರಸ ಕುದಿಯುತ್ತದೆ. ಗಾಜಿನ ಕೊಳವೆಯಲ್ಲಿ ನೀರಿನ ಮಟ್ಟ ನೋಡುವುದು, ಕೊಳವೆಗಳ ಒಳಗೆ ಪದರ ಕಟ್ಟದಂತೆ ನೀರು ಶುದ್ಧಮಾಡುವುದು, ಸೇಫ್ಟಿ ವಾಲ್ವ್ ಪರೀಕ್ಷಿಸುವುದು: ಉಗಿ ಎಂಜಿನ್ನಿನ ಫೈರ್‌ಮನ್‌ಗೆ ಬೇಕಾದ ಎಷ್ಟೋ ಪಾಠಗಳು ನಮ್ಮ ಬಾಯ್ಲರ್ ಅಟೆಂಡೆಂಟ್‌ಗಳಿಗೆ ಗೊತ್ತಿವೆ. ಈ ಕೆಲಸಕ್ಕೆ ಸರ್ಕಾರದ ಅರ್ಹತಾ ಪರೀಕ್ಷೆ, ಪ್ರಮಾಣಪತ್ರ ಇವೆ. ಬಾಯ್ಲರ್ ಆಪರೇಷನ್ ಎಂಜಿನಿಯರ್ ಎಂಬ ಮೇಲಿನ ಪ್ರಮಾಣಪತ್ರವೂ ಇದೆ. ಬಿ.ಇ. ಮೆಕ್ಯಾನಿಕಲ್ ಓದುವ ನಾವೆಲ್ಲ ಕೋಡಿಂಗ್ ಕೋರ್ಸ್‌ಗಳ ಹಿಂದೆ ಓಡುವಾಗ ಮನೆಯ ಮಗ್ಗುಲಿನ ಈ ದಾರಿಯನ್ನು ನೋಡುವವರು ಕಡಿಮೆ.

'ಬಾಗಲಕೋಟೆ–ಕುಡಚಿ ಮಾರ್ಗ 2010-11ರಲ್ಲಿ ಮಂಜೂರಾಗಿ ಇನ್ನೂ ಮುಗಿದಿಲ್ಲ, ಹುಕ್ಕೇರಿ, ಮೂಡಲಗಿ ಪಟ್ಟಣಗಳಿಗೆ ರೈಲೇ ಇಲ್ಲ, ನಿಮಗೆ ಪ್ರವಾಸಿ ಬಂಡಿ ಯಾಕೆ?' ಎಂದು ಯಾರಾದರೂ ಕೇಳಬಹುದು. ನ್ಯಾಯವಾದ ಪ್ರಶ್ನೆ. ದಿನನಿತ್ಯದ ರೈಲಿನ ದುಡ್ಡನ್ನು ಮೋಜಿನ ರೈಲಿಗೆ ಹಾಕಬಾರದು ಎಂಬುದು ನನ್ನ ಅಭಿಪ್ರಾಯವೂ ಹೌದು. ಹಾಗಾಗಿ ಕೇಳುವುದನ್ನು ಅಳತೆಯಲ್ಲಿ ಕೇಳೋಣ.

ಒಂದು, ಮಳೆಗಾಲದ ವಾರಾಂತ್ಯಗಳಲ್ಲಿ ಘಟಪ್ರಭಾದಿಂದ ಬೆಳಗಾವಿ ಮೇಲೆ ಕುಳೆಂಗೆ ಹೋಗಿಬರುವ ಒಂದು ಹಗಲು ರೈಲು. ಅದಕ್ಕೆ ಉಗಿ ಎಂಜಿನ್ ಬೇಡ. ದೊಡ್ಡ ಕಿಟಕಿಯ ಎರಡು ಬೋಗಿ, ಜಲಪಾತದ ಎದುರು ಸುರಕ್ಷಿತ ನಿಲುಗಡೆ ಸಾಕು. 2023ರ ಜುಲೈನಲ್ಲಿ ದೂಧಸಾಗರ ನೋಡಲು ಹಳಿಗುಂಟ ನಡೆದುಹೋದ ನೂರಾರು ಯುವಕರನ್ನು ತಡೆದು ಬಸ್ಕಿ ಹೊಡೆಸಿದ ವಿಡಿಯೊವನ್ನು ನಾವೆಲ್ಲ ನೋಡಿದ್ದೇವೆ. ಹಳಿಯ ಮೇಲೆ ನಡೆಯುವುದು ತಪ್ಪು, ಜೀವಕ್ಕೇ ಅಪಾಯ. ಆದರೆ ನೋಡುವ ಸರಿಯಾದ ದಾರಿ ಕೊಡದೆ ಬರೀ ತಡೆದರೆ ಆಸೆ ನಿಲ್ಲುವುದಿಲ್ಲ.

ಎರಡು, ಉಗಿ ಎಂಜಿನ್ ಬೇಕೆಂದರೆ ಫುರ್ಕಾದವರ ಹಾಗೆ ಮುಖ್ಯ ಮಾರ್ಗ ಬಿಟ್ಟು ತನ್ನದೇ ಹಳಿಯಲ್ಲಿ. ಹುಬ್ಬಳ್ಳಿಯಲ್ಲಿ 2020ರಲ್ಲಿ ರೈಲು ಮ್ಯೂಸಿಯಂ ತೆರೆದಿದೆ, ಪಕ್ಕದಲ್ಲೇ ಹಳೆಯ ಕಾರ್ಯಾಗಾರವಿದೆ. ಅಲ್ಲಿ ಒಂದು ಎಂಜಿನ್ನಿಗೆ ಜೀವ ತುಂಬಿ ಒಂದೆರಡು ಕಿಲೊಮೀಟರ್ ಓಡಿಸಿದರೂ ಅದು ನಿಜವಾದ ಪಾಠಶಾಲೆಯಾಗುತ್ತದೆ.

ಮೂರು, ಆ ಕೆಲಸಕ್ಕೆ ನಮ್ಮ ಐಟಿಐ, ಡಿಪ್ಲೊಮಾ, ಬಿ.ಇ. ವಿದ್ಯಾರ್ಥಿಗಳನ್ನು ಅಪ್ರೆಂಟಿಸ್‌ಗಳಾಗಿ ತೆಗೆದುಕೊಳ್ಳಬೇಕು. ಮಳೆಗಾಲದಲ್ಲಿ ಕಾರ್ಖಾನೆ ನಿಂತಿರುತ್ತದೆ, ಬಾಯ್ಲರ್ ದುರಸ್ತಿಯ ಸಮಯ ಅದು. ಅನುಭವಿ ಬಾಯ್ಲರ್ ಅಟೆಂಡೆಂಟ್‌ಗಳಿಗೆ ಕಲಿಸಲು ಬಿಡುವು ಸಿಗುವುದೂ ಆಗಲೇ.

ಉಗಿಬಂಡಿಯ ಶಿಳ್ಳೆ ಕೇಳಿ ಖುಷಿಪಡುವವರು ಎಲ್ಲೆಲ್ಲಿಂದಲೋ ಬಂದಾರು. ಅದರ ಬಾಯ್ಲರ್ ತೆರೆದು ಕೊಳವೆ ಬದಲಿಸುವವರು ನಮ್ಮ ಊರಿನಿಂದ ಹೋದರೆ, ಪರಂಪರೆ ಎಂಬ ಮಾತಿಗೆ ಸಂಬಳವೂ ಸಿಕ್ಕೀತು.