ಹಾಕಿಸಿದ್ದನ್ನು ತೆಗೆಸುವ ಮಾತು



ಈ ಸಲದ ವಿಷಯ ಕೇಳಿದರೆ ಹಿಂದಿನ ಬೆಂಚಿನಿಂದ ಒಂದು ಪಿಸುನಗು ಬಂದೇ ಬರುತ್ತದೆ ಅಂತ ಗೊತ್ತು. ಬರಲಿ, ನಕ್ಕು ಮುಗಿದ ಮೇಲೆ ಮುಂದೆ ಓದಿ. ಹೃದಯ, ಮೂತ್ರಪಿಂಡ ಎಂದರೆ ನೆಟ್ಟಗೆ ಕೂತು ಕೇಳುವ ನಾವು, ಸ್ತನ ಎಂಬ ಹೆಸರು ಬಂದ ಕೂಡಲೇ ಪುಸ್ತಕದೊಳಗೆ ಮುಖ ಹುದುಗಿಸುತ್ತೇವೆ. ಕೊಬ್ಬು, ಗ್ರಂಥಿ, ನಾಳ, ನರ ಎಲ್ಲ ಸೇರಿ ಆದ ಅಂಗ ಅದು. ಅದಕ್ಕೂ ಕಾಯಿಲೆ ಬರುತ್ತದೆ, ಚಿಕಿತ್ಸೆಯೂ ಉಂಟು. ಇವತ್ತು ನಾನು ಹೇಳಲಿಕ್ಕೆ ಹೊರಟದ್ದು ಅದರೊಳಗೆ ಇಡುವ ಸಿಲಿಕೋನ್ ಚೀಲದ ಬಗ್ಗೆ, ಇಂಪ್ಲಾಂಟ್ ಅಂತಾರಲ್ಲ, ಅದು. ಅದರಲ್ಲೂ, ಹಾಕಿಸಿಕೊಂಡವರು ಕೆಲವು ವರ್ಷಗಳ ಮೇಲೆ ಅದನ್ನು ತೆಗೆಸುವುದು, ಇಲ್ಲವೇ ದೊಡ್ಡದನ್ನು ತೆಗೆಸಿ ಚಿಕ್ಕದನ್ನು ಇಡಿಸುವುದು, ಇದರ ಬಗ್ಗೆ.

"ಹಾಗಾದರೆ ಮೊದಲು ಹಾಕಿಸಿದ್ದು ಯಾಕೆ?" ಅಂತ ಜನ ಕೇಳ್ತಾರೆ. ಆ ಕೇಳುವ ಧಾಟಿ ನನಗೆ ಹಿಡಿಸುವುದಿಲ್ಲ. ಕೇಳಿದವರಿಗೆ ಉತ್ತರ ಬೇಕಾಗಿರುವುದಿಲ್ಲ, ಅವರು ತೀರ್ಪು ಆಗಲೇ ಕೊಟ್ಟಾಗಿದೆ. ಹೊಸ ಸಂಗತಿ ತಿಳಿದ ಮೇಲೆ ಹಳೆಯ ತೀರ್ಮಾನ ಬದಲಿಸುವುದನ್ನು ಪ್ರಯೋಗಶಾಲೆಯಲ್ಲಿ ಮಾಡಿದರೆ ವಿಜ್ಞಾನ ಅನ್ನುತ್ತೇವೆ. ಅದನ್ನೇ ಒಬ್ಬ ಹೆಂಗಸು ತನ್ನ ಮೈಯ ವಿಷಯದಲ್ಲಿ ಮಾಡಿದರೆ ಚಂಚಲ ಬುದ್ಧಿ ಅನ್ನುತ್ತೇವೆ. ನನ್ನ ತಕರಾರು ಇದೇ. ಯಾಕೆ ಅಂತ ಹೇಳಬೇಕಾದರೆ ಆ ಚೀಲದ ಕತೆಯಿಂದಲೇ ಶುರು ಮಾಡಬೇಕು.

ಅಮೆರಿಕದ ಟೆಕ್ಸಾಸ್ ರಾಜ್ಯದ ಹ್ಯೂಸ್ಟನ್‌ನಲ್ಲಿ ಫ್ರಾಂಕ್ ಗೆರೋ, ಥಾಮಸ್ ಕ್ರೋನಿನ್ ಎಂಬ ಇಬ್ಬರು ಶಸ್ತ್ರವೈದ್ಯರಿದ್ದರು. ರಕ್ತ ತುಂಬಿದ ಪ್ಲಾಸ್ಟಿಕ್ ಚೀಲವನ್ನು ಕೈಯಲ್ಲಿ ಹಿಡಿದು ಹಿಸುಕಿದಾಗ ಗೆರೋಗೆ ಈ ಯೋಚನೆ ಹೊಳೆಯಿತಂತೆ. ಮೊದಲು ಒಂದು ಹೆಣ್ಣುನಾಯಿಯ ಚರ್ಮದ ಕೆಳಗೆ ಇಟ್ಟು ನೋಡಿದರು. ಕೆಲವು ವಾರ ಕಳೆದ ಮೇಲೆ ಅದು ಹೊಲಿಗೆಯನ್ನು ಕಚ್ಚತೊಡಗಿತು, ಚೀಲವನ್ನು ತೆಗೆಯಬೇಕಾಯಿತು. ಅಂದರೆ ಹಾಕಿದ್ದನ್ನು ತೆಗೆಯುವ ಕೆಲಸ ಮನುಷ್ಯರಿಗೆ ಹಾಕುವ ಮೊದಲೇ ಆಗಿತ್ತು ನೋಡಿ! 1962ರಲ್ಲಿ ಮೊದಲ ಬಾರಿಗೆ ಒಬ್ಬ ಮಹಿಳೆಗೆ ಇಟ್ಟರು. ಆಕೆ ಆಸ್ಪತ್ರೆಗೆ ಬಂದದ್ದು ಎದೆಯ ಮೇಲಿನ ಹಚ್ಚೆ ತೆಗೆಸಲಿಕ್ಕೆ. ಡಾಕ್ಟರುಗಳು ಕೇಳಿದರು, ಆಕೆ ಒಪ್ಪಿದಳು. ಅಮೆರಿಕದಲ್ಲಿ ವೈದ್ಯಕೀಯ ಸಾಧನಗಳನ್ನು ಪರೀಕ್ಷೆಗೆ ಒಳಪಡಿಸುವ ಕಾನೂನು ಬಂದದ್ದು 1976ರಲ್ಲಿ. ನಡುವಿನ ಹದಿನಾಲ್ಕು ವರ್ಷ ಈ ಚೀಲಗಳು ಅಂಥ ಕಾನೂನಿಲ್ಲದೆಯೇ ಸಾವಿರಾರು ಜನರ ಮೈಯೊಳಗೆ ಹೋದವು.

ಇನ್ನು ರಸಾಯನಶಾಸ್ತ್ರ. ಚಂದ್ರಗಿರಿ ಹೊಳೆಯ ಮರಳಿನಲ್ಲಿರುವ ಸಿಲಿಕಾನ್ ಎಂಬ ಮೂಲವಸ್ತು ನಿಮಗೆ ಗೊತ್ತು. ಸಿಲಿಕೋನ್ ಬೇರೆ, ಎರಡನ್ನೂ ಗೊಂದಲ ಮಾಡಿಕೊಳ್ಳಬೇಡಿ. ಸಿಲಿಕಾನ್, ಆಮ್ಲಜನಕ, ಸಿಲಿಕಾನ್, ಆಮ್ಲಜನಕ ಅಂತ ಹೂವು ಪೋಣಿಸಿದ ಹಾಗೆ ಪರಮಾಣುಗಳ ಉದ್ದದ ಸರಪಳಿ, ಅದರ ಪಕ್ಕಗಳಲ್ಲಿ ಮಿಥೈಲ್ ಗುಂಪುಗಳು: ಇದು ಸಿಲಿಕೋನ್ ಎಂಬ ಪಾಲಿಮರ್. ಸರಪಳಿಗಳನ್ನು ಒಂದಕ್ಕೊಂದು ಹೆಚ್ಚು ಕಟ್ಟಿದರೆ ರಬ್ಬರಿನಂತಾಗುತ್ತದೆ, ಕಡಿಮೆ ಕಟ್ಟಿದರೆ ಲೋಳೆಯಂತೆ ಇರುತ್ತದೆ. ಹೊರಗಿನ ಚೀಲ ರಬ್ಬರಿನಂಥದ್ದು, ಒಳಗೆ ಲೋಳೆ. ಲೋಳೆಯ ಬದಲು ಉಪ್ಪುನೀರು ತುಂಬಿಸಿದ ಚೀಲಗಳೂ ಉಂಟು. ಬಿಸಿಗೆ ಸುಲಭವಾಗಿ ಕೆಡುವುದಿಲ್ಲ, ನೀರಲ್ಲಿ ಕರಗುವುದಿಲ್ಲ, ಬೇರೆ ವಸ್ತುಗಳೊಡನೆ ಅಷ್ಟಾಗಿ ವರ್ತಿಸುವುದಿಲ್ಲ. ಹಾಗಾಗಿ ದೇಹ ಇದನ್ನು ಸುಮ್ಮನೆ ಬಿಟ್ಟುಬಿಡುತ್ತದೆ ಅಂತ ತಿಳಿದರು.

ದೇಹ ಯಾವುದನ್ನೂ ಸುಮ್ಮನೆ ಬಿಡುವುದಿಲ್ಲ. ತೋಟದಲ್ಲಿ ಬರಿಗಾಲಲ್ಲಿ ಓಡಾಡುವವರಿಗೆ ಇದು ಗೊತ್ತಿರುತ್ತದೆ. ಮುಳ್ಳು ಹೊಕ್ಕು ಒಳಗೇ ಮುರಿದು ಉಳಿದರೆ ಕೀವಾದೀತು. ಕೀವಾಗದಿದ್ದರೆ ಸುತ್ತ ಗಟ್ಟಿಯಾಗಿ ಗಂಟು ಕಟ್ಟುತ್ತದೆ. ಹೊರಗಿನ ವಸ್ತು ಒಳಗೆ ಬಂದ ಕೂಡಲೇ ರಕ್ತದ ಪ್ರೋಟೀನುಗಳು ಅದರ ಮೈಗೆ ಅಂಟಿಕೊಳ್ಳುತ್ತವೆ. ಆಮೇಲೆ ಮ್ಯಾಕ್ರೋಫೇಜ್ ಎಂಬ ಭಕ್ಷಕ ಕೋಶಗಳು ಬಂದು ನುಂಗಲು ನೋಡುತ್ತವೆ. ತಮಗಿಂತ ಲಕ್ಷಾಂತರ ಪಾಲು ದೊಡ್ಡದಿರುವುದನ್ನು ನುಂಗುವುದು ಹೇಗೆ? ಒಂದಕ್ಕೊಂದು ಸೇರಿ ದೈತ್ಯ ಕೋಶಗಳಾಗಿ ಇನ್ನೊಮ್ಮೆ ಪ್ರಯತ್ನಿಸುತ್ತವೆ. ಅದೂ ಆಗದಿದ್ದಾಗ ಫೈಬ್ರೋಬ್ಲಾಸ್ಟ್ ಎಂಬ ಕೋಶಗಳು ಕೊಲಾಜನ್ ನಾರನ್ನು ಹೆಣೆದು ಆ ವಸ್ತುವಿನ ಸುತ್ತ ಒಂದು ಪೊರೆ ಕಟ್ಟುತ್ತವೆ. ನುಂಗಲಾಗದಿದ್ದರೆ ಗೋಡೆ ಕಟ್ಟು ಎಂಬುದು ದೇಹದ ಲೆಕ್ಕ. ಹಲಸಿನ ಮರಕ್ಕೆ ಹೊಡೆದ ಮೊಳೆಯ ಸುತ್ತ ಮರ ಬೆಳೆದು ಮುಚ್ಚಿದ್ದನ್ನು ನೋಡಿದ್ದೀರಲ್ಲ? ನಡೆಯುವ ರೀತಿ ಬೇರೆ, ಆದರೆ ನೋಡಲಿಕ್ಕೆ ಹೆಚ್ಚುಕಡಿಮೆ ಹಾಗೆಯೇ.

ಈ ಪೊರೆ ಎಲ್ಲರಿಗೂ ಆಗುತ್ತದೆ, ಅದು ಕಾಯಿಲೆಯಲ್ಲ. ಕೆಲವರಲ್ಲಿ ಮಾತ್ರ ಪೊರೆ ದಪ್ಪವಾಗಿ ಬಿಗಿಯುತ್ತದೆ, ಚೀಲ ಗಟ್ಟಿಯಾಗಿ ಆಕಾರ ಕೆಡುತ್ತದೆ, ನೋವೂ ಬರುತ್ತದೆ. ತೆಗೆಸುವವರಲ್ಲಿ ಬಹಳ ಮಂದಿಗೆ ಇದೇ ಕಾರಣ. ಇನ್ನು ಕೆಲವರಲ್ಲಿ ಚೀಲ ಒಡೆಯುತ್ತದೆ. ಉಪ್ಪುನೀರಿನದ್ದಾದರೆ ಕುಗ್ಗಿದ್ದು ಕೂಡಲೇ ತಿಳಿಯುತ್ತದೆ. ಲೋಳೆಯದ್ದಾದರೆ ಒಡೆದದ್ದು ಗೊತ್ತೇ ಆಗದೆ ವರ್ಷ ಕಳೆಯಬಹುದು. ಅದಕ್ಕಾಗಿಯೇ ಇಟ್ಟು ಐದಾರು ವರ್ಷಕ್ಕೆ ಮೊದಲ ಸಲ, ಆಮೇಲೆ ಎರಡು ಮೂರು ವರ್ಷಕ್ಕೊಮ್ಮೆ ಸ್ಕ್ಯಾನ್ ಮಾಡಿಸಿ ಅಂತ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಹೇಳುತ್ತದೆ. ಇದು ಜೀವಮಾನವಿಡೀ ಉಳಿಯುವ ವಸ್ತು ಎಂದು ತಿಳಿಯಬೇಡಿ, ವರ್ಷ ಹೆಚ್ಚಿದಷ್ಟೂ ತೊಂದರೆಯ ಸಾಧ್ಯತೆ ಹೆಚ್ಚು ಎಂದೂ ಅದೇ ಸಂಸ್ಥೆ ಹೇಳುತ್ತದೆ. ಇಪ್ಪತ್ತೆರಡರಲ್ಲಿ ಹಾಕಿಸಿಕೊಂಡವಳು ಅರುವತ್ತರ ತನಕ ಒಂದೇ ಚೀಲದಲ್ಲಿ ಬದುಕುವುದು ಕಷ್ಟ. ಹಾಗಿರುವಾಗ ತೆಗೆಸುವುದು ವಿಚಿತ್ರ ಹೇಗಾದೀತು? ಅದು ಮೊದಲ ದಿನದ ಲೆಕ್ಕದಲ್ಲೇ ಇರಬೇಕಾದ ಮಾತು.

ನಮ್ಮ ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯಲ್ಲಿ ತಯಾರಾದ ಹೃದಯದ ಕವಾಟವನ್ನು 1990ರಲ್ಲಿ ಮೊದಲ ಸಲ ರೋಗಿಗೆ ಇಟ್ಟರು. ಅಂಥ ಕವಾಟ ಇದ್ದವರು ರಕ್ತ ಹೆಪ್ಪುಗಟ್ಟದಂತೆ ಜೀವನಪೂರ್ತಿ ಮಾತ್ರೆ ತಿನ್ನಬೇಕು. ಅಲ್ಲಿಯೂ ದೇಹ ಹೊರಗಿನದ್ದನ್ನು ಮರೆಯುವುದಿಲ್ಲ. ಆದರೆ ಕವಾಟ ಇಲ್ಲದಿದ್ದರೆ ಜೀವವೇ ಹೋಗುತ್ತದೆ, ಅದಕ್ಕೇ ಆ ಬೆಲೆ ತೆರುತ್ತೇವೆ. ಸ್ತನದ ಚೀಲದಲ್ಲಿ ಏನು ಪಡೆದೆ, ಏನು ತೆತ್ತೆ ಎಂಬ ತಕ್ಕಡಿ ಒಬ್ಬೊಬ್ಬರಿಗೆ ಒಂದೊಂದು ಥರ ತೂಗುತ್ತದೆ. ಕ್ಯಾನ್ಸರಿನಿಂದ ಸ್ತನ ಕಳೆದುಕೊಂಡು ಇದನ್ನು ಇಡಿಸಿಕೊಂಡವರಿದ್ದಾರೆ. ಕ್ಯಾನ್ಸರ್ ಚಿಕಿತ್ಸೆಗೆ ನಮ್ಮ ಊರುಗಳಿಂದ ತಲಶ್ಶೇರಿಗೆ ಹೋಗಿ ಬರುವ ಮನೆಗಳು ನಿಮಗೂ ಗೊತ್ತಿರಬಹುದು. ಅಂಥವರಲ್ಲಿ ಒಬ್ಬರಿಗೆ ಚೀಲ ಸಮಾಧಾನ ಕೊಡುತ್ತದೆ, ಇನ್ನೊಬ್ಬರು ಏನೂ ಬೇಡ, ಎದೆ ಚಪ್ಪಟೆಯಾಗಿಯೇ ಇರಲಿ ಅನ್ನುತ್ತಾರೆ. ಇಬ್ಬರ ತಕ್ಕಡಿಯನ್ನೂ ನಾವು ಮುಟ್ಟಬಾರದು.

ಆದರೆ ತಕ್ಕಡಿಗೆ ಹಾಕುವ ತೂಕದ ಕಲ್ಲೇ ಮೋಸದ್ದಾದರೆ? ಫ್ರಾನ್ಸಿನಲ್ಲಿ ಆದದ್ದು ಇದೇ. ಪಿಐಪಿ ಎಂಬ ಕಂಪೆನಿ ವೈದ್ಯಕೀಯ ಬಳಕೆಗೆ ಒಪ್ಪಿಗೆಯಿದ್ದ ಸಿಲಿಕೋನ್ ಬಿಟ್ಟು, ಕಾರ್ಖಾನೆ ಬಳಕೆಯ ಅಗ್ಗದ ಸಿಲಿಕೋನ್ ತುಂಬಿಸಿ ಮಾರಿತು. ಇನ್‌ಸ್ಪೆಕ್ಟರುಗಳು ಬಂದಾಗ ಬೇರೆಯೇ ಕಾಗದ ತೋರಿಸುತ್ತಿದ್ದರು. ಒಡೆಯುವ ಚೀಲಗಳು ಹೆಚ್ಚಾದಾಗ ತನಿಖೆಯಾಗಿ 2010ರಲ್ಲಿ ಮಾರಾಟ ನಿಂತಿತು. 2011ರ ಡಿಸೆಂಬರಿನಲ್ಲಿ ಫ್ರೆಂಚ್ ಸರಕಾರ ಸುಮಾರು 30,000 ಮಹಿಳೆಯರಿಗೆ ಚೀಲ ತೆಗೆಸಿಕೊಳ್ಳಿ, ತೆಗೆಯುವ ಖರ್ಚು ನಮ್ಮದು ಎಂದಿತು. ಕಂಪೆನಿಯ ಸ್ಥಾಪಕ ಜಾನ್ ಕ್ಲೋಡ್ ಮಾಸ್‌ಗೆ 2013ರಲ್ಲಿ ನಾಲ್ಕು ವರ್ಷ ಜೈಲುಶಿಕ್ಷೆಯಾಯಿತು. ಆಗಲೂ "ಚಂದಕ್ಕೆ ಆಸೆಪಟ್ಟದ್ದಕ್ಕೆ ಆಯಿತು" ಅಂತ ಹೇಳುವವರಿದ್ದರು. ಕಲಬೆರಕೆ ಎಣ್ಣೆ ತಿಂದು ಕಾಯಿಲೆ ಬಿದ್ದವನಿಗೆ "ಹಪ್ಪಳಕ್ಕೆ ಆಸೆಪಟ್ಟದ್ದು ಯಾಕೆ" ಅಂತ ಕೇಳ್ತೀವಾ?

ಇನ್ನೊಂದು ಪ್ರಕರಣ ಇಷ್ಟು ಸರಳವಲ್ಲ. ಚೀಲ ಜಾರದೆ ಕೂತಿರಲಿ ಎಂದು ಕೆಲವು ಚೀಲಗಳ ಹೊರಮೈಯನ್ನು ಒರಟು ಮಾಡುತ್ತಿದ್ದರು. ಹಾಗೆ ಒರಟು ಚೀಲ ಇದ್ದವರಲ್ಲಿ ರೋಗನಿರೋಧಕ ವ್ಯವಸ್ಥೆಯ ಒಂದು ಅಪರೂಪದ ಕ್ಯಾನ್ಸರ್, ಒಂದು ಬಗೆಯ ಲಿಂಫೋಮಾ, ಕಂಡುಬಂತು. ಸ್ತನದ ಅಂಗಾಂಶದ ಕ್ಯಾನ್ಸರ್ ಬೇರೆ, ಇದು ಬೇರೆ. ಇದು ಹುಟ್ಟುವುದು ಚೀಲದ ಸುತ್ತಲಿನ ಪೊರೆಯ ಬಳಿ. 2019ರ ಜುಲೈ ಹೊತ್ತಿಗೆ ಜಗತ್ತಿನಲ್ಲಿ 573 ಪ್ರಕರಣ, 33 ಸಾವು ಎಫ್‌ಡಿಎ ಲೆಕ್ಕಕ್ಕೆ ಬಂದಿದ್ದವು. ಅಲರ್ಗನ್ ಕಂಪೆನಿ ತನ್ನ ಬಯೋಸೆಲ್ ಎಂಬ ಒರಟು ಚೀಲಗಳನ್ನು ಜಗತ್ತಿನ ಮಾರುಕಟ್ಟೆಯಿಂದ ಹಿಂದಕ್ಕೆ ತೆಗೆದುಕೊಂಡಿತು. ಆದರೆ ಅದೇ ಎಫ್‌ಡಿಎ, ತೊಂದರೆ ಏನೂ ಇಲ್ಲದವರು ಹೆದರಿ ತೆಗೆಸಬೇಕಾಗಿಲ್ಲ ಎಂದೂ ಹೇಳಿತು. ಯಾಕೆಂದರೆ ತೆಗೆಸುವುದೂ ಆಪರೇಷನ್ನೇ. ಅರಿವಳಿಕೆ ಬೇಕು, ಗಾಯದ ಗುರುತು ಉಳಿಯುತ್ತದೆ, ಹಿಗ್ಗಿದ್ದ ಚರ್ಮ ಜೋಲುತ್ತದೆ. ಎರಡು ಕಡೆಯ ಅಪಾಯವನ್ನೂ ತೂಗಿ ನೋಡಬೇಕು.

ಎಲ್ಲಕ್ಕಿಂತ ಕಷ್ಟದ ಗಂಟು ಇನ್ನೊಂದು ಉಂಟು. ಸುಸ್ತು, ಕೀಲುನೋವು, ಮರೆವು, ತಲೆಗೆ ಮಂಜು ಕವಿದಂತೆ ಆಗುವುದು: ಇವೆಲ್ಲ ಚೀಲ ಇಟ್ಟ ಮೇಲೆ ಬಂದವು ಅಂತ ಅನೇಕ ಮಹಿಳೆಯರು ಹೇಳಿದರು. ತೆಗೆಸಿದ ಮೇಲೆ ಹಗುರಾಯಿತು ಅಂತಲೂ ಹಲವರು ಹೇಳಿದರು. ಇದನ್ನು ಪತ್ತೆಮಾಡುವ ರಕ್ತಪರೀಕ್ಷೆ ಇಲ್ಲ, ಕಾರಣವೂ ಸಿದ್ಧವಾಗಿಲ್ಲ. 1999ರಲ್ಲಿ ಅಮೆರಿಕದ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ ಎಲ್ಲ ಅಧ್ಯಯನಗಳನ್ನು ನೋಡಿ, ಮೈಯಿಡೀ ಹಬ್ಬುವ ಕಾಯಿಲೆಗೆ ಇದು ಕಾರಣ ಎನ್ನಲು ಆಧಾರ ಸಾಲದು, ಚೀಲದ ಜಾಗದಲ್ಲೇ ಆಗುವ ತೊಂದರೆಗಳೇ ದೊಡ್ಡವು ಎಂದಿತು. ಆಧಾರ ಸಾಲದು ಎಂಬುದನ್ನು "ನಿನಗೇನೂ ಆಗಿಲ್ಲ" ಎಂದು ಕೇಳಿಸಿಕೊಂಡವರು ಬಹಳ. ಎರಡು ಮಾತೂ ಒಂದೇ ಅಲ್ಲ, ಈ ವ್ಯತ್ಯಾಸ ದಯವಿಟ್ಟು ಗಮನಿಸಿ. ಕಾರಣ ತಿಳಿಯದಿದ್ದರೂ ನೋವು ನೋವೇ. ಹಾಗೆಂದು, ತೆಗೆಸಿದರೆ ಎಲ್ಲ ಸರಿಹೋಗುತ್ತದೆ ಅಂತ ಭರವಸೆ ಕೊಟ್ಟು ಹಣ ಕೀಳುವವರನ್ನೂ ನಾನು ನಂಬುವುದಿಲ್ಲ. 2021ರಿಂದ ಎಫ್‌ಡಿಎ ಈ ಲಕ್ಷಣಗಳನ್ನೂ ಸೇರಿಸಿ ಚೌಕಟ್ಟು ಕಟ್ಟಿದ ಎಚ್ಚರಿಕೆ ಹಾಕಿಸಿದೆ. ಆಪರೇಷನ್ನಿಗೆ ಮುಂಚೆ ಡಾಕ್ಟರರು ರೋಗಿಯ ಜತೆ ಕೂತು ಒಂದೊಂದೇ ಅಂಶ ಓದಿ, ಇಬ್ಬರೂ ಸಹಿ ಹಾಕುವ ಪಟ್ಟಿಯೊಂದು ಬಂದಿದೆ. ಮೊದಲ ಚೀಲ ಇಟ್ಟ 59 ವರ್ಷಗಳ ಮೇಲೆ! ತೆಗೆಸಿದವರು ಬಾಯಿಬಿಟ್ಟು ಹೇಳದಿದ್ದರೆ ಅದೂ ಬರುತ್ತಿತ್ತೋ ಇಲ್ಲವೋ.

ಅಮೆರಿಕದ ರೂಪದರ್ಶಿ ಕ್ರಿಸ್ಸಿ ಟೀಗನ್ ಇಪ್ಪತ್ತರ ಹರೆಯದಲ್ಲಿ ಹಾಕಿಸಿದ್ದನ್ನು 2020ರಲ್ಲಿ ತೆಗೆಸಿ ಎಲ್ಲರ ಮುಂದೆ ಹೇಳಿಕೊಂಡರು. ಇಂಪ್ಲಾಂಟ್ ವಿಷಯವಲ್ಲದಿದ್ದರೂ ರುಮೇನಿಯಾದ ಟೆನಿಸ್ ಆಟಗಾರ್ತಿ ಸಿಮೋನಾ ಹಾಲೆಪ್ ನೆನಪಾಗುತ್ತಾರೆ. ತನ್ನದೇ ಸ್ತನಗಳ ಭಾರದಿಂದ ಬೆನ್ನುನೋವು, ಓಡುವುದಕ್ಕೆ ತೊಡಕು ಅಂತ 2009ರಲ್ಲಿ, ಹದಿನೇಳರ ಹುಡುಗಿ, ಗಾತ್ರ ಕಡಿಮೆ ಮಾಡಿಸಿಕೊಂಡಳು. ಜನ ಬೇಕಾದ್ದು ಆಡಿಕೊಂಡರು. 2018ರಲ್ಲಿ ಫ್ರೆಂಚ್ ಓಪನ್, 2019ರಲ್ಲಿ ವಿಂಬಲ್ಡನ್ ಗೆದ್ದರು. ಗೆಲ್ಲದಿದ್ದರೂ ಆ ತೀರ್ಮಾನ ಅವರದ್ದೇ ಆಗಿರುತ್ತಿತ್ತು ಬಿಡಿ.

ನಿಮ್ಮ ವಯಸ್ಸಿಗೆ ಕನ್ನಡಿಯ ಮುಂದೆ ನಿಂತಾಗ ಏನೇನೋ ಕೊರತೆ ಕಾಣುತ್ತದೆ. ಫೋನಿನಲ್ಲಿ ನೋಡುವ ಚಿತ್ರಗಳಲ್ಲಿ ಎಷ್ಟು ಮೈ, ಎಷ್ಟು ಫಿಲ್ಟರ್ ಅಂತ ಯಾರಿಗೂ ಹೇಳಲಾಗದು. ಅಮೆರಿಕದಲ್ಲಿ ಚಂದಕ್ಕಾಗಿ ಸಿಲಿಕೋನ್ ಲೋಳೆಯ ಚೀಲ ಇಡಿಸಲು 22, ಉಪ್ಪುನೀರಿನದ್ದಕ್ಕೆ 18 ತುಂಬಿರಬೇಕು ಎಂಬ ಒಪ್ಪಿಗೆಯ ಮಿತಿ ಇದೆ. ಬೆಳೆಯುತ್ತಿರುವ ದೇಹಕ್ಕೆ ಸ್ವಲ್ಪ ಸಮಯ ಕೊಡಬೇಕು ಎಂಬುದು ಅದರ ಒಂದು ಕಾರಣ.

ಕೊನೆಗೊಂದು ಕೆಲಸ. ಮೈಯೊಳಗೆ ಇಡುವ ಸಾಧನದ ಜತೆ ಕಂಪೆನಿ, ಮಾದರಿ, ಸಂಖ್ಯೆ ಬರೆದ ಕಾರ್ಡು ಅಥವಾ ಚೀಟಿ ಬರುತ್ತದೆ. ಬಯೋಸೆಲ್ ಸುದ್ದಿ ಬಂದಾಗ ತನ್ನೊಳಗಿರುವುದು ಯಾವುದು ಅಂತ ತಿಳಿಯಲಿಕ್ಕೆ ಆ ಚೀಟಿಯೇ ದಾರಿಯಾಗಿತ್ತು. ನಿಮ್ಮ ಮನೆಯಲ್ಲಿ ಅಜ್ಜಿಯ ಕಣ್ಣಿಗೆ ಲೆನ್ಸ್ ಹಾಕಿರಬಹುದು, ಅಜ್ಜನ ಹೃದಯಕ್ಕೆ ಸ್ಟೆಂಟ್ ಹಾಕಿರಬಹುದು. ಇವತ್ತು ಸಂಜೆ ಆ ಚೀಟಿ ಎಲ್ಲುಂಟು ಅಂತ ಕೇಳಿ ನೋಡಿ. ಸಿಕ್ಕಿದರೆ ಒಂದು ಫೋಟೋ ತೆಗೆದು, ರೇಷನ್ ಕಾರ್ಡಿನ ಜತೆ ಒಳಗಿಡಿ.