ಒಂದು ದಿನದ ನೋಟ, ವರ್ಷವಿಡೀ ಊರಿನ ಬಾಳು

ರಜೆ ಬಂದಿತೆಂದರೆ ಬೆಂಗಳೂರಿನಿಂದ ಹೊರಡುವ ವಾಹನಗಳು ನಮ್ಮ ಬೆಟ್ಟಸೀಮೆಯನ್ನು ಹೇಗೆ ನೋಡಿ ಮುಗಿಸುತ್ತವೆ ಎಂಬುದು ಇಲ್ಲಿನವರಿಗೆಲ್ಲ ತಿಳಿದ ಸಂಗತಿಯೇ. ಬೆಳಗಿನ ತಂಪಿನಲ್ಲಿ ಮಧುಗಿರಿಯ ಏಕಶಿಲಾ ಬೆಟ್ಟ, ಮಧ್ಯಾಹ್ನಕ್ಕೆ ಗೊರವನಹಳ್ಳಿಯ ಮಹಾಲಕ್ಷ್ಮಿ, ಆನಂತರ ಸಿದ್ಧರಬೆಟ್ಟ. ಹೊತ್ತು ಉಳಿದರೆ ಸೀಬಿಯ ನರಸಿಂಹಸ್ವಾಮಿ ಗುಡಿ, ಕಗ್ಗಲಡುವಿನ ಕೊಕ್ಕರೆಗಳು. ರಾತ್ರಿಯ ಊಟಕ್ಕೆ ಪುನಃ ಬೆಂಗಳೂರು. ಜೊತೆಯಲ್ಲಿ ಬರುವ ಮಾರ್ಗದರ್ಶಿ ಅಲ್ಲಿಯವನೇ, ವಾಹನವೂ ಅಲ್ಲಿಯದೇ, ಬುತ್ತಿಯೂ ಹೆಚ್ಚಿನಂಶ ಅಲ್ಲಿಂದಲೇ ಬರುತ್ತದೆ. ಇಲ್ಲಿ ಉಳಿಯುವುದು ಹೆದ್ದಾರಿಯ ಧೂಳು, ಬಂಡೆಗಳ ಸಂದಿಯಲ್ಲಿ ಸಿಕ್ಕಿಕೊಂಡ ನೀರಿನ ಬಾಟಲಿ.

ಹೀಗೆಂದು ಪ್ರವಾಸಿಗರು ಬರಲೇಬಾರದೆಂಬುದು ಈ ಲೇಖನದ ವಾದವಲ್ಲ. ನಮ್ಮ ಸೀಮೆಗೆ ಹೊರಗಿನವರು ಬರುವುದು ಹೊಸತೂ ಅಲ್ಲ. ಜಾತ್ರೆ, ಪರಸೆಗಳಿಗೆ ಬಂಡಿ ಕಟ್ಟಿಕೊಂಡು ಸಾವಿರಾರು ಜನ ಬರುತ್ತಿದ್ದರು. ಆದರೆ ಆ ಬರುವಿಕೆಗೆ ಊರು ಹಾಕಿಕೊಟ್ಟ ಕಟ್ಟಳೆಯಿತ್ತು. ಬಹುಪಾಲು ಜಾತ್ರೆಗಳು ಸುಗ್ಗಿ ಮುಗಿದು, ಹೊಲ ಬರಿದಾದ ಮೇಲೆ ನಡೆಯುತ್ತಿದ್ದವು. ಬಂಡಿ ಬಿಡುವುದು ಗುಂಡುತೋಪಿನಲ್ಲಿ, ನೀರು ಕುಡಿಯುವುದು ಅರವಟ್ಟಿಗೆಯಲ್ಲಿ, ಎತ್ತುಗಳಿಗೆ ನೀರು ಇಂಥ ಕಟ್ಟೆಯಲ್ಲಿ ಎಂಬುದು ಮೊದಲೇ ತೀರ್ಮಾನವಾಗಿರುತ್ತಿತ್ತು. ದಿನವನ್ನು, ಜಾಗವನ್ನು, ದಾರಿಯನ್ನು ನಿರ್ಧರಿಸುವವರು ಊರಿನವರಾಗಿದ್ದರು. ಇಂದಿನ ಒಂದು ದಿನದ ಪ್ರವಾಸದಲ್ಲಿ ಈ ಮೂರನ್ನೂ ನಿರ್ಧರಿಸುವವನು ಪ್ರವಾಸದ ವ್ಯಾಪಾರಿ. ಆ ಅಧಿಕಾರ ಊರಿಗೆ ಮರಳಬೇಕು ಎಂಬುದಷ್ಟೇ ನನ್ನ ಮಾತಿನ ಸಾರ.

ಇದರ ಅಗತ್ಯ ಎಷ್ಟೆಂಬುದಕ್ಕೆ ಶಿರಾ ತಾಲ್ಲೂಕಿನ ಕಗ್ಗಲಡುವೇ ಸಾಕ್ಷಿ. ಬಣ್ಣದ ಕೊಕ್ಕರೆಗಳೂ ಬೂದು ಬಕಗಳೂ ಈ ಊರಿನ ಹುಣಿಸೆ ಮರಗಳನ್ನು ಆಶ್ರಯಿಸಿವೆ. ಫೆಬ್ರವರಿಯ ಹೊತ್ತಿಗೆ ಬಂದು ಗೂಡು ಕಟ್ಟಿ, ಮೊಟ್ಟೆಯಿಟ್ಟು, ಮರಿಗಳನ್ನು ಬೆಳೆಸಿ, ಆಗಸ್ಟ್ ವೇಳೆಗೆ ಹೊರಡುತ್ತವೆ. ರೈತನ ಪಂಚಾಂಗವನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಹುಣಿಸೆ ಹಣ್ಣಾಗಿ ಬಡಿಯುವ ಕಾಲ ಜನವರಿಯಿಂದ ಏಪ್ರಿಲ್. ಗೂಡಿರುವ ಮರವನ್ನು ಬಡಿದರೆ ಗೂಡು ಉಳಿಯದು. ಗೂಡನ್ನು ಉಳಿಸಿದರೆ ಹಣ್ಣು ಕೈಗೆ ಬಾರದು. ತುಮಕೂರಿನ ಮಾರುಕಟ್ಟೆಯಲ್ಲಿ ಹುಣಿಸೆಗಿರುವ ಬೆಲೆಯನ್ನು ಬಲ್ಲ ಯಾರಿಗಾದರೂ ಇದು ಸಣ್ಣ ತ್ಯಾಗವಲ್ಲವೆಂದು ಅರ್ಥವಾದೀತು. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಈ ನಷ್ಟಕ್ಕೆ ಮರದ ಒಡೆಯರಿಗೆ ಅರಣ್ಯ ಇಲಾಖೆ ಪರಿಹಾರ ಕೊಡುವ ಪದ್ಧತಿ ಬಂದಿತು. 2007ರಲ್ಲಿ ಆ ಊರು ಸಮುದಾಯ ಮೀಸಲು ಪ್ರದೇಶವೆಂದು ಘೋಷಣೆಯಾಯಿತು. ಅಲ್ಲಿನ ರೈತರು ಗೂಡುಗಳ ಕೆಳಗೆ ಬೀಳುವ ಹಿಕ್ಕೆಯನ್ನು ಕೆರೆಗೋಡಿನೊಡನೆ ಬೆರೆಸಿ ಗೊಬ್ಬರವಾಗಿಯೂ ಬಳಸುತ್ತ ಬಂದಿದ್ದಾರೆ. ಹಕ್ಕಿಗೂ ರೈತನಿಗೂ ಇರುವ ಕೊಡುಕೊಳ್ಳುವಿಕೆ ಇದು.

ಈ ಕೊಡುಕೊಳ್ಳುವಿಕೆಯಲ್ಲಿ ಒಂದು ದಿನದ ಪ್ರವಾಸಿ ಏನು ಕೊಡುತ್ತಾನೆ? ಮಾರ್ಚ್, ಏಪ್ರಿಲ್ ತಿಂಗಳ ಸುಡುಬಿಸಿಲಿನಲ್ಲಿ ತಾಯಿಹಕ್ಕಿ ರೆಕ್ಕೆ ಹರಡಿ ಮರಿಗೆ ನೆರಳಾಗಿ ನಿಂತಿರುತ್ತದೆ. ಮರದ ಬುಡದಲ್ಲಿ ಚಪ್ಪಾಳೆ ತಟ್ಟಿದರೆ, ಚಿತ್ರಕ್ಕಾಗಿ ಕಲ್ಲೆಸೆದರೆ, ಡ್ರೋನ್ ಹಾರಿಸಿದರೆ ಅದು ಹೆದರಿ ಮೇಲೇಳುತ್ತದೆ. ಆ ಕೆಲವು ನಿಮಿಷಗಳಲ್ಲಿ ಮೊಟ್ಟೆ, ಮರಿಗಳು ಬಿಸಿಲಿಗೋ ಕಾಗೆಗೋ ತುತ್ತಾಗಬಹುದು. ನೋಡಿದವರು ಅರ್ಧ ಗಂಟೆಯಲ್ಲಿ ವಾಹನ ಹತ್ತುತ್ತಾರೆ. ಹುಣಿಸೆಯ ಆದಾಯವನ್ನು ಬಿಟ್ಟುಕೊಟ್ಟ ಮನೆಗೆ ಅವರಿಂದ ಒಂದು ಬಿಡಿಗಾಸೂ ಸಲ್ಲುವುದಿಲ್ಲ.

ಬುಕ್ಕಾಪಟ್ಟಣದ ಕಾಡಿನ ಸ್ಥಿತಿ ಇನ್ನೊಂದು ಬಗೆಯದು. ಕುರುಚಲು ಗಿಡ, ಮುಳ್ಳುಕಂಟಿ, ಬಾದೆಹುಲ್ಲಿನ ಈ ಗುಡ್ಡಗಳಲ್ಲಿ ನೋಡುವಂಥದ್ದೇನೂ ಇಲ್ಲವೆಂದು ಬಹುಕಾಲ ಜನ ಭಾವಿಸಿದ್ದರು. ಆ ಉಪೇಕ್ಷೆಯೇ ಅದಕ್ಕೆ ಒಂದು ರಕ್ಷೆಯೂ ಆಗಿತ್ತು. ಚಿಂಕಾರ, ಕೃಷ್ಣಮೃಗ, ಕೊಂಡುಕುರಿ ಈ ಮೂರೂ ಇಲ್ಲಿವೆಯೆಂಬುದು ಬೆಳಕಿಗೆ ಬಂದ ಮೇಲೆ, 2019ರಲ್ಲಿ ಇದನ್ನು ಚಿಂಕಾರ ವನ್ಯಜೀವಿಧಾಮವೆಂದು ಘೋಷಿಸಲಾಯಿತು. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಜಯಮಂಗಲಿ ಕೃಷ್ಣಮೃಗ ಸಂರಕ್ಷಣಾ ಮೀಸಲು ಪ್ರದೇಶಕ್ಕೆ 2007ರಲ್ಲಿಯೇ ಆ ಸ್ಥಾನ ದೊರೆತಿತ್ತು. ಹೆಸರು ಬಂದೊಡನೆ ನೋಡುವವರ ಕಾಲುಗಳೂ ಗಾಲಿಗಳೂ ಬರುತ್ತವೆ. ವರ್ಷಕ್ಕೆ ಸುಮಾರು 500ರಿಂದ 700 ಮಿ.ಮೀ. ಮಳೆ ಕಾಣುವ ಈ ಸೀಮೆಯಲ್ಲಿ ಹುಲ್ಲಿನ ಬೇರು ಹಿಡಿದಿಟ್ಟ ಮೇಲ್ಮಣ್ಣೇ ನಮ್ಮ ಆಸ್ತಿ. ದಾರಿ ಬಿಟ್ಟು ಓಡಿದ ವಾಹನದ ಗಾಲಿ ಆ ಮಣ್ಣನ್ನು ಗಟ್ಟಿಯಾಗಿ ಒತ್ತಿಬಿಡುತ್ತದೆ. ಅಲ್ಲಿ ಬಿದ್ದ ಮಳೆ ಇಂಗದೆ, ಗಾಲಿಯ ಜಾಡಿನಲ್ಲೇ ಹರಿದು ಕೊರಕಲಾಗುತ್ತದೆ. ಬೇಸಿಗೆಯಲ್ಲಿ ಎಸೆದ ಒಂದು ಬೀಡಿಯ ತುಂಡಿಗೆ ಗುಡ್ಡದ ಹುಲ್ಲೆಲ್ಲ ಆಹುತಿಯಾದರೆ, ಚಿಂಕಾರಕ್ಕೆ ಮೇವಿಲ್ಲ, ನಮ್ಮ ಕುರಿಗಳಿಗೂ ಇಲ್ಲ.

ಈ ಸಂಕಟ ನಮ್ಮೊಬ್ಬರದೇ ಅಲ್ಲ. ಜಪಾನಿನ ಕ್ಯೋಟೋ ಪ್ರಾಂತದ ಉತ್ತರ ಕರಾವಳಿಯಲ್ಲಿ ಇನೆ ಎಂಬ ಮೀನುಗಾರರ ಊರಿದೆ. ನೀರಿನ ಅಂಚಿಗೇ ಕಟ್ಟಿದ ಸುಮಾರು 230 ದೋಣಿಮನೆಗಳು ಕೊಲ್ಲಿಯನ್ನು ಬಳಸಿ ನಿಂತಿವೆ; ಕೆಳಗೆ ದೋಣಿಯ ತಾವು, ಮೇಲೆ ಕೋಣೆ. 2005ರಲ್ಲಿ ಅಲ್ಲಿನ ಸರ್ಕಾರ ಇದನ್ನು ಸಂರಕ್ಷಿತ ಪಾರಂಪರಿಕ ವಸತಿಯೆಂದು ಗುರುತಿಸಿತು. ಸಮೀಪದ ಅಮಾನೊಹಾಶಿದಾತೆಯಲ್ಲಿ ಸಮುದ್ರದ ನಡುವೆ ಮೂರೂವರೆ ಕಿಲೋಮೀಟರಿಗೂ ಮಿಕ್ಕಿ ಚಾಚಿದ ಮರಳ ದಿಣ್ಣೆ, ಅದರ ಮೇಲೆ ಪೈನ್ ಮರಗಳ ಸಾಲು, ದಡದಲ್ಲಿ ಪುರಾತನ ಬೌದ್ಧ ದೇಗುಲಗಳು. ಕ್ಯೋಟೋ, ಒಸಾಕಾ ನಗರಗಳಿಂದ ಮಾರ್ಗದರ್ಶಿಯೊಡನೆ ಬಸ್ಸುಗಳು ಹೊರಟು, ಇವೆಲ್ಲವನ್ನೂ ಒಂದೇ ದಿನದಲ್ಲಿ ತೋರಿಸಿ ಹಿಂದಿರುಗುತ್ತವೆ. ಸುಮಾರು ಎರಡು ಸಾವಿರ ಜನರಷ್ಟೇ ಇರುವ ಇನೆಯಲ್ಲಿ, ಈ ದೋಣಿಮನೆಗಳು ಜನ ವಾಸಿಸುವ ಖಾಸಗಿ ಮನೆಗಳು, ಒಪ್ಪಿಗೆಯಿಲ್ಲದೆ ಒಳಗೆ ಕಾಲಿಡಬೇಡಿರಿ ಎಂದು ಬಂದವರನ್ನು ಬೇಡಿಕೊಳ್ಳಬೇಕಾಗಿ ಬಂದಿದೆ. ಇನ್ನೊಂದೆಡೆ ಕೆಲವು ಮನೆಯವರು ತಮ್ಮ ದೋಣಿಮನೆಯನ್ನೇ ತಂಗುವ ಮನೆಯಾಗಿ ಮಾಡಿ, ಅತಿಥಿಯನ್ನು ಒಂದು ರಾತ್ರಿ ಉಳಿಸಿಕೊಂಡು, ಊರಿನ ಮೀನನ್ನೇ ಬಡಿಸುತ್ತಾರೆ. ಬಸ್ಸಿನಲ್ಲಿ ಬಂದು ಹೋಗುವವನು ನೋಟವನ್ನು ಒಯ್ಯುತ್ತಾನೆ. ಉಳಿದು ಉಣ್ಣುವವನಿಂದ ಊರಿನ ಒಲೆ ಉರಿಯುತ್ತದೆ. ನಮಗೆ ಬೇಕಾದ ಪಾಠ ಇಲ್ಲಿದೆ.

ಪ್ರವಾಸಿಗರಿಗೆ ಕಟ್ಟುಪಾಡು ಹಾಕಿದರೆ ವ್ಯಾಪಾರ ಕೆಡುತ್ತದೆ ಎಂಬ ಆಕ್ಷೇಪವನ್ನು ತಳ್ಳಿಹಾಕಲಾಗದು. ಗುಡಿಯ ಮುಂದೆ ಹೂವು, ಕಾಯಿ ಮಾರುವ ತಾಯಂದಿರಿಗೆ, ಬೆಟ್ಟದ ಬುಡದ ಚಹದಂಗಡಿಗೆ ಆ ದುಡ್ಡು ಬೇಕೇ ಬೇಕು. ಮಳೆ ಕೈಕೊಟ್ಟ ವರ್ಷ ಪಾವಗಡ, ಶಿರಾದ ತರುಣರು ಬೆಂಗಳೂರಿಗೆ ಕೂಲಿಗೆ ಹೋಗುವುದನ್ನು ನಾವು ಕಂಡಿದ್ದೇವೆ. ಆದರೆ ಅವಸರದ ಪ್ರವಾಸಿ ಖರ್ಚು ಮಾಡುವುದೂ ಅವಸರದಲ್ಲೇ. ಊರಿನ ಮಾರ್ಗದರ್ಶಿಗೆ ಕೂಲಿ, ಊರಿನ ಮನೆಯಲ್ಲಿ ಊಟ, ನಿಗದಿಯಾದ ಶುಲ್ಕ ಇವು ಸೇರಿದರೆ ಬರುವವರು ಕಡಿಮೆಯಾದರೂ ಊರಿಗೆ ಉಳಿಯುವುದು ಹೆಚ್ಚಾದೀತು. ಮಿತಿ ಹಾಕುವುದು ಅಸಾಧ್ಯವೆನ್ನುವವರು 2024ರ ಜನವರಿಯನ್ನು ನೆನೆಯಲಿ. ಕುಮಾರಪರ್ವತದಲ್ಲಿ ಜನಜಂಗುಳಿ ಮಿತಿಮೀರಿದಾಗ ಸರ್ಕಾರ ಚಾರಣವನ್ನು ತಡೆದು, ಮುಂಗಡ ನೋಂದಣಿಯನ್ನೂ ಸಂಖ್ಯೆಯ ಮಿತಿಯನ್ನೂ ಜಾರಿಗೆ ತಂದಿತು.

ನಮ್ಮ ಪಂಚಾಯಿತಿಗಳು ಮಾಡಬಹುದಾದ ಕೆಲಸಗಳಿವೆ. ಗೂಡು ಕಟ್ಟುವ ತಿಂಗಳುಗಳಲ್ಲಿ ಕಗ್ಗಲಡುವಿನ ಮರಗಳಿಂದ ಎಷ್ಟು ದೂರ ನಿಲ್ಲಬೇಕೆಂದು ಗೆರೆ ಎಳೆಯಬೇಕು. ವಾಹನ ನಿಲ್ಲಿಸುವ ಜಾಗವನ್ನು ಊರಾಚೆಗೆ ಗೊತ್ತುಮಾಡಿ, ಅಲ್ಲಿ ಸಂಗ್ರಹವಾಗುವ ಶುಲ್ಕದಲ್ಲಿ ಮೊದಲ ಪಾಲನ್ನು ಹುಣಿಸೆ ಮರದ ಒಡೆಯರಿಗೆ ಸಲ್ಲಿಸಬೇಕು. ಮುತ್ತುಗದ ಎಲೆಯಲ್ಲಿ ಮುದ್ದೆ, ಹುರುಳಿ ಸಾರು ಬಡಿಸುವ ಮಹಿಳಾ ಸಂಘಗಳಿಗೆ ಬೆಟ್ಟದ ಬುಡದಲ್ಲಿ ಸ್ಥಳ ಕೊಡಬೇಕು. ಹುಲ್ಲು ಒಣಗಿದ ದಿನಗಳಲ್ಲಿ ಬೆಟ್ಟಕ್ಕೆ ಬೆಂಕಿಪೊಟ್ಟಣ ಒಯ್ಯದಂತೆ ನೋಡಿಕೊಳ್ಳಬೇಕು. 2002ರ ಜೀವವೈವಿಧ್ಯ ಕಾಯ್ದೆಯಂತೆ ಪ್ರತಿ ಪಂಚಾಯಿತಿಯಲ್ಲೂ ಇರಬೇಕಾದ ಜೀವವೈವಿಧ್ಯ ನಿರ್ವಹಣಾ ಸಮಿತಿಯನ್ನು ಕಾಗದದಿಂದ ಕೆಳಗಿಳಿಸಿ, ಈ ಹೊಣೆಯನ್ನು ಅದಕ್ಕೆ ಒಪ್ಪಿಸಬೇಕು.

ವಿದ್ಯಾರ್ಥಿ ಮಿತ್ರರ ಪಾಲು ಇಲ್ಲಿ ದೊಡ್ಡದು. ಸೀಬಿಯ ಗುಡಿಯ ಚಾವಣಿಯ ಚಿತ್ರಗಳ ಕಥೆ ಹೇಳಲು, ಕೊಂಡುಕುರಿಗೂ ಚಿಂಕಾರಕ್ಕೂ ಇರುವ ವ್ಯತ್ಯಾಸ ತಿಳಿಸಲು, ಜಯಮಂಗಲಿ ದೇವರಾಯನದುರ್ಗದಲ್ಲಿ ಹುಟ್ಟಿ ಉತ್ತರ ಪಿನಾಕಿನಿಯನ್ನು ಸೇರುವ ದಾರಿಯನ್ನು ವಿವರಿಸಲು ನಿಮಗಿಂತ ಯೋಗ್ಯರು ಯಾರಿದ್ದಾರೆ? ಹಿರಿಯರಲ್ಲಿ ಕೇಳಿ, ಬರೆದಿಟ್ಟುಕೊಂಡು, ಮಾರ್ಗದರ್ಶಿಗಳಾಗಲು ಸಿದ್ಧರಾಗಿರಿ.

ಹುಣಿಸೆ ಕೆಂಪಾಗುವ ಮೊದಲು, ಎಂದರೆ ಜನವರಿಗೆ ಮುನ್ನ ನಡೆಯುವ ಗ್ರಾಮಸಭೆಯಲ್ಲಿ ಈ ವಿಷಯ ಚರ್ಚೆಗೆ ಬರಲಿ. ಯಾರು ಬರಬಹುದು, ಎಂದು ಬರಬಹುದು, ಎಷ್ಟು ಜನ ಬರಬಹುದು ಎಂಬುದನ್ನು ಊರೇ ನಡಾವಳಿಯಲ್ಲಿ ಬರೆದು ಸಹಿ ಹಾಕಲಿ. ಹಕ್ಕಿಗಳು ಬರಲು ಆಮೇಲೆ ಒಂದೇ ತಿಂಗಳು ಉಳಿದಿರುತ್ತದೆ.